ಕರೆಂಟು ಹೋದ ಭಾನುವಾರದ ಕತೆ

ಹೆಬ್ಬೂರಿನ ಹಾಲಿನ ಡೈರಿಗೆ ಭಾನುವಾರ ಸಂಜೆ ಎಲ್ಲರಿಗಿಂತ ಮೊದಲು ಬಂದರೂ ರಂಗಲಕ್ಷ್ಮಮ್ಮ ಸಾಲಿನ ಮೊದಲಲ್ಲಿ ನಿಲ್ಲುತ್ತಿರಲಿಲ್ಲ. ಆರೇಳು ಜನರನ್ನು ಮುಂದೆ ಬಿಟ್ಟುಕೊಂಡು ನಟ್ಟನಡುವೆ ಜಾಗ ಮಾಡಿಕೊಳ್ಳುತ್ತಿದ್ದಳು. ಅಲ್ಲಿ ನಿಂತರೆ ಅವಳ ಮಾತು ಸಾಲಿನ ಎರಡು ತುದಿಗೂ ಕೇಳಿಸುತ್ತಿತ್ತು. ಬೆಳಗ್ಗೆ ತುಮಕೂರಿನಲ್ಲಿ ಟಿವಿಯೊಳಗೆ ನೋಡಿ ಬಂದ ಬೊಂಬೆ ಸಂಸಾರದ ಕತೆಯನ್ನು ಅವಳು ಹೇಳಬೇಕು, ಹಾಲಿನ ಪಾತ್ರೆ ಸೊಂಟಕ್ಕೆ ಆನಿಸಿಕೊಂಡ ಹೆಂಗಸರು ಕೇಳಬೇಕು. ಇದು ಎಂಬತ್ತಾರು, ಎಂಬತ್ತೇಳರ ಮಾತು. ಆ ಸಾಲಿನಲ್ಲಿ ನಿಲ್ಲುತ್ತಿದ್ದ ಯಾರ ಮನೆಯಲ್ಲೂ ಟಿವಿ ಇರಲಿಲ್ಲ.

ಬೊಂಬೆ ಸಂಸಾರ ಅಂತ ಹೆಸರಿಟ್ಟವರು ಆ ಹೆಂಗಸರೇ. ಟಿವಿಯವರು ಏನು ಹೆಸರಿಟ್ಟಿದ್ದರೋ, ಅದು ಹಿಂದಿಯಲ್ಲಿತ್ತು. ಮನುಷ್ಯರು ನಟಿಸಿದ್ದಲ್ಲ, ಗೆರೆ ಎಳೆದು ಬಣ್ಣ ತುಂಬಿದ ಬೊಂಬೆಗಳೇ ಓಡಾಡುತ್ತಿದ್ದವು, ಬೈದಾಡುತ್ತಿದ್ದವು, ಉಣ್ಣುತ್ತಿದ್ದವು. ಗುಡಾಣದಂಥ ಹೊಟ್ಟೆಯ ಗಂಡ ಡೊಳ್ಳಪ್ಪ. ತಲೆಗಿಂತ ದೊಡ್ಡ ತುರುಬು ಕಟ್ಟಿದ ಅತ್ತೆ ತುರುಬಜ್ಜಿ. ಕಡ್ಡಿಯ ಹಾಗಿದ್ದ ಸೊಸೆ ಸಣ್ಣವ್ವ. ಎರಡು ಮಕ್ಕಳು, ಒಂದು ಕಳ್ಳ ಬೆಕ್ಕು. ಈ ಹೆಸರುಗಳೂ ಸಾಲಿನಲ್ಲೇ ಹುಟ್ಟಿದವು.

ರಂಗಲಕ್ಷ್ಮಮ್ಮ ಹುಟ್ಟಿದ್ದು ಗುಬ್ಬಿ ಕಡೆ. ಮೂರನೇ ಕ್ಲಾಸಿಗೆ ತಮ್ಮನ ತೊಟ್ಟಿಲು ತೂಗಲು ಸ್ಕೂಲು ಬಿಡಿಸಿದರು. ಆಮೇಲೆ ಅವಳಿಗೆ ಪಾಠ ಅಂತ ಆದದ್ದು ಸೋದರತ್ತೆಯ ಬಾಯಿಂದ. ಸೋದರತ್ತೆ ರಾಗಿ ಬೀಸುತ್ತಾ ಕತೆ ಹೇಳುವಳು. ಕೇಳಿದ ಹುಡುಗಿ ಮಾರನೇ ದಿನ ಅದನ್ನು ತಿರುಗಿ ಒಪ್ಪಿಸಬೇಕು. ನಡುವೆ ಒಂದು ಮಾತು ಹೆಚ್ಚು ಬಂದರೂ ಬೀಸುಕಲ್ಲು ನಿಲ್ಲಿಸಿ, "ಇದು ನಂದಲ್ಲ, ಎಲ್ಲಿಂದ ತಂದೆ?" ಅನ್ನುವಳು. ಮರೆತರೆ ಮರೆತೆ ಅಂದುಬಿಡು, ಕಟ್ಟಿ ಹೇಳಬೇಡ ಅನ್ನುವುದು ಅವಳ ಕಟ್ಟಳೆ. ಹೊನ್ನಯ್ಯನ ಕೈ ಹಿಡಿದು ಹೆಬ್ಬೂರಿಗೆ ಬಂದು ಮೂವತ್ತು ವರ್ಷವಾದರೂ ರಂಗಲಕ್ಷ್ಮಮ್ಮ ಆ ಕಟ್ಟಳೆ ಬಿಟ್ಟಿರಲಿಲ್ಲ. ಹಿಂದಿ ಅರ್ಥವಾಗದೆ ಹೋದ ಕಡೆ, "ಇಲ್ಲಿ ಏನೋ ಅಂದ್ಲು, ನಂಗೊತ್ತಾಗ್ಲಿಲ್ಲ" ಅಂತ ಹೇಳಿಯೇ ಮುಂದಕ್ಕೆ ಹೋಗುತ್ತಿದ್ದಳು.

ಡೈರಿಯ ಸೆಕ್ರೆಟರಿ ಮುದ್ದಯ್ಯ ನೀರು ಬೆರೆತಿದೆಯಾ ಅಂತ ಎಲ್ಲರ ಹಾಲಿಗೂ ಗಾಜಿನ ಕಡ್ಡಿ ಇಳಿಬಿಟ್ಟು ನೋಡುವವನು. ಇವಳ ಸರದಿ ಬಂದಾಗ, "ನಿನ್ ಹಾಲಿಗೂ ಕಡ್ಡಿ ಬ್ಯಾಡ, ನಿನ್ ಮಾತಿಗೂ ಕಡ್ಡಿ ಬ್ಯಾಡ ಕಣಮ್ಮ" ಅನ್ನುವನು. ಆ ಒಂದು ಮಾತಿಗೆ ಅವಳು ಮನೆವರೆಗೂ ಹಗುರವಾಗಿ ನಡೆದು ಹೋಗುವಳು.

ಅವಳು ತುಮಕೂರಿಗೆ ಹೋಗುತ್ತಿದ್ದದ್ದು ಬೆಣ್ಣೆ ಕೊಡುವುದಕ್ಕೆ. ವಾರದ ಬೆಣ್ಣೆಯನ್ನು ಉಂಡೆ ಕಟ್ಟಿ, ನೀರಿನಲ್ಲಿ ತೇಲಿಬಿಟ್ಟುಕೊಂಡು ಭಾನುವಾರ ಮೊದಲ ಬಸ್ಸು ಹತ್ತುವಳು. ಬಟವಾಡಿಯಲ್ಲಿ ನಾಲ್ಕು ಮನೆ, ಸದಾಶಿವನಗರದಲ್ಲಿ ಮೂರು ಮನೆ. ಕೊನೆಯದು ಕಮಲಾಕ್ಷಮ್ಮನವರದು, ಅವಳು ಟಿವಿ ನೋಡುತ್ತಿದ್ದದ್ದು ಅಲ್ಲೇ. ಅವರು ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದವರು. ಹುರುಳಿಕಾಯಿ ಸೋಸುತ್ತಾ, ನಾಲ್ಕು ಮಾತಿಗೆ ಒಂದು ಮಾತು ಕನ್ನಡದಲ್ಲಿ ಹೇಳುವರು. ಮಿಕ್ಕ ಮೂರನ್ನು ರಂಗಲಕ್ಷ್ಮಮ್ಮ ಬೊಂಬೆಗಳ ಹುಬ್ಬು ನೋಡಿ, ಕೈ ನೋಡಿ ತಿಳಿದುಕೊಳ್ಳುವಳು.

ಸಂಜೆ ಅವಳು ಕತೆ ಮುಗಿಸಿದ ಮೇಲೆ ಸಾಲಿನಲ್ಲಿ ಶುರುವಾಗುತ್ತಿದ್ದದ್ದೇ ಬೇರೆ. ಒಂದು ಸಲವೂ ನೋಡದ ಬೊಂಬೆಗಳ ಮೇಲೆ ಅಷ್ಟು ಹೆಂಗಸರಿಗೂ ಒಂದೊಂದು ಅಭಿಪ್ರಾಯ.

"ಡೊಳ್ಳಪ್ಪನ್ನ ಒಂದ್ ದಿನ ಉಪವಾಸ ಕೆಡವ್ಬೇಕು, ಆಗ ಗೊತ್ತಾಯ್ತದೆ."

"ನಿನ್ ಗಂಡನ್ನ ಕೆಡವು ಮೊದ್ಲು."

"ಆ ಸಣ್ಣವ್ವಂಗೆ ಉಪ್ಪು ಖಾರದ ಅಂದಾಜಿಲ್ಲ. ಅತ್ತೆ ಬಯ್ಯದೆ ಇನ್ನೇನ್ ಮಾಡ್ತಾಳೆ?"

ಈ ಕೊನೆಯ ಮಾತು ಯಾವಾಗಲೂ ಪುಟ್ಟಗಂಗಮ್ಮನದು. ತುರುಬಜ್ಜಿ ಏನು ಮಾಡಿದರೂ ಅವಳಿಗೆ ಸರಿ. ಅದಕ್ಕೆ ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ.

ಪುಟ್ಟಗಂಗಮ್ಮನ ಸೊಸೆ ಲಕ್ಷ್ಮೀದೇವಮ್ಮ ಕುಣಿಗಲ್ ಪೇಟೆಯ ಹುಡುಗಿ. ಒಂದು ಸಂಜೆ ಅತ್ತೆ ತೋಟಕ್ಕೆ ಹೋಗಿದ್ದಾಗ, ಪಕ್ಕದ ಮನೆಯವರು ನೆಂಟರು ಬಂದಿದ್ದಾರೆ ಅಂತ ಹೆಪ್ಪು ಕೇಳಿಕೊಂಡು ಬಂದರು. ಇವಳು ಒಂದು ಲೋಟದ ತಳಕ್ಕೆ ಮೊಸರು ಹಾಕಿ ಕೊಟ್ಟಳು. ಅಷ್ಟರಲ್ಲಿ ಮನೆಯಲ್ಲಿ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಹಾಲು ಹೊಸ್ತಿಲು ದಾಟಿ ಹೋಗುತ್ತದೆ ಅನ್ನುವುದು ಈ ಕಡೆಯ ನಂಬಿಕೆ. ಅದೇ ವಾರ ಎಮ್ಮೆಯ ಹಾಲು ಕಡಿಮೆಯಾಯಿತು. ಪುಟ್ಟಗಂಗಮ್ಮ ಬೀದಿಗೆ ಕೇಳುವ ಹಾಗೆ, "ಮನೆ ಲಕ್ಷ್ಮೀನ ಲೋಟಕ್ಕೆ ಹಾಕಿ ಕಳಿಸಿದ್ಲು" ಅಂದಳು. ಹುಡುಗಿ ಬೆಳಗಾಗುತ್ತಲೇ ಕುಣಿಗಲ್ ಬಸ್ಸು ಹತ್ತಿದಳು. ನಾಲ್ಕು ತಿಂಗಳಾದರೂ ಬಂದಿರಲಿಲ್ಲ. ಆ ಎಮ್ಮೆಯ ಹಾಲು ಕರೆಯುತ್ತಿದ್ದವಳೂ ಅವಳೇ. ಅವಳು ಹೋದ ಮೇಲೆ ಅದು ಹಾಲು ಕೊಡಲು ಇನ್ನಷ್ಟು ಕೊಸರಾಡುತ್ತಿತ್ತು. ಪುಟ್ಟಗಂಗಮ್ಮನ ಪಾತ್ರೆ ಅರ್ಧಕ್ಕಿಂತ ಮೇಲೆ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಟಿವಿಯಲ್ಲಿ ಬಂದ ಕತೆ ಇದು. ಬೀದಿಯಲ್ಲಿ ಸ್ಟೀಲ್ ಪಾತ್ರೆ ಮಾರುವವಳು ಬರುತ್ತಾಳೆ. ಹಳೇ ಬಟ್ಟೆ ಕೊಟ್ಟರೆ ಹೊಸ ಪಾತ್ರೆ. ಸಣ್ಣವ್ವ ಮೂಲೆಯಲ್ಲಿದ್ದ ಒಂದು ಹರಕು ಶಾಲು ಕೊಟ್ಟು ಬಕೆಟ್ಟು ತೆಗೆದುಕೊಳ್ಳುತ್ತಾಳೆ. ಅದು ತುರುಬಜ್ಜಿ ಮಗನನ್ನು ಹೆತ್ತಾಗ ಸುತ್ತಿದ್ದ ಶಾಲು. ಅಜ್ಜಿ ಅತ್ತು ಕರೆದು ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ, ಒಳಗೆ ಬರಲ್ಲ ಅಂತಾಳೆ. ಸಣ್ಣವ್ವ ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಾಳೆ. ಅಜ್ಜಿ ಬೀದಿಯ ಕಡೆ ನೋಡುತ್ತಾಳೆ, ಮೊಣಕಾಲಿಗೆ ಕೈ ಊರುತ್ತಾಳೆ...

ಅಷ್ಟು ಹೊತ್ತಿಗೆ ಕರೆಂಟು ಹೋಯಿತು.

ಕಮಲಾಕ್ಷಮ್ಮನವರು ಮೊರದಲ್ಲಿ ಗಾಳಿ ಬೀಸಿಕೊಳ್ಳುತ್ತಾ, "ಇನ್ನು ಬಂದ ಹಾಗೇ ಬಿಡಿ. ಬಸ್ಸಿಗೆ ಹೊತ್ತಾಗತ್ತೆ, ಹೊರಡಿ ರಂಗಲಕ್ಷ್ಮಮ್ಮ" ಅಂದರು.

ಕರೆಂಟು ಹೋಯಿತು ಅಂತಲೇ ಹೇಳುವುದು ಎಂದು ಅವಳು ಬಸ್ಸಿನಲ್ಲಿ ಅಂದುಕೊಂಡೇ ಬಂದಿದ್ದಳು. ಸಂಜೆ ಸಾಲಿನಲ್ಲಿ ಕತೆ ಮೆಟ್ಟಿಲವರೆಗೆ ಬಂತು. ಪುಟ್ಟಗಂಗಮ್ಮ ಆವತ್ತು ನಡುವೆ ಬಾಯಿ ಹಾಕಿರಲಿಲ್ಲ. ತುರುಬಜ್ಜಿ ಸರಿ ಅನ್ನಲಿಲ್ಲ, ಸಣ್ಣವ್ವ ತಪ್ಪು ಅನ್ನಲಿಲ್ಲ. ಅರ್ಧ ಪಾತ್ರೆಯ ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಮೆಲ್ಲಗೆ ಕೇಳಿದಳು:

"ಎದ್ಲಾ, ರಂಗಿ?"

ಆ ದನಿ ಕೇಳಿ ರಂಗಲಕ್ಷ್ಮಮ್ಮನ ಬಾಯಿ ಅವಳ ಮಾತು ಕೇಳಲಿಲ್ಲ. "ಎದ್ಲು ಕಣಕ್ಕ" ಅಂದುಬಿಟ್ಟಳು.

ಎದ್ದ ಮೇಲೆ ಎಲ್ಲಿಗಾದರೂ ಹೋಗಬೇಕಲ್ಲ. ತುರುಬಜ್ಜಿ ಬಕೆಟ್ಟು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಸೊಸೆ ಪಕ್ಕದಲ್ಲಿ ಕೂತಳು. ತಪ್ಪಾಯ್ತು ಅನ್ನಲಿಲ್ಲ, ಬಾ ಅಂತ ಗೋಗರೆಯಲೂ ಇಲ್ಲ. "ಈ ಬಕೆಟ್ಟು ಸೋರ್ತದೆ. ತಗಂಡೋಳು ನೀನು, ಬದಲಾಯಿಸೋಳೂ ನೀನೇ. ನಡಿ" ಅಂದಳು. ಸೊಸೆ ಬಕೆಟ್ಟು ತಿರುಗಿಸಿ ನೋಡಿದಳು, ಎಲ್ಲೂ ತೂತು ಕಾಣಲಿಲ್ಲ. ಇಬ್ಬರೂ ಎದ್ದು ಮನೆಗೆ ಹೋದರು.

ಸಾಲು ಗೊಳ್ಳೆಂದಿತು.

"ಯಾವ್ ಅತ್ತೆನಮ್ಮ ಬಸ್ ಸ್ಟ್ಯಾಂಡಿಗೆ ಹೋಗೋಳು? ಟಿವೀಲಿ ಅಷ್ಟೇಯ."

"ಹೋಗ್ಲಿ ಬುಡು, ಕಾಲ್ ಸವೆದೋಯ್ತದಾ?"

"ತೂತಿಲ್ಲ ಅಂತ ಸೊಸೆಗೆ ಗೊತ್ತಾದ್ರೂ ಎದ್ದು ಬಂದ್ಲಲ್ಲ, ಅವ್ಳು ಜಾಣೆ ಕಣೇ."

ಪುಟ್ಟಗಂಗಮ್ಮ ಮಾತ್ರ ಹಾಲು ಅಳೆಸಿದವಳೇ ಹೊರಟು ಹೋದಳು.

ಗುರುವಾರ ಅವಳು ಡೈರಿಗೆ ಬರಲಿಲ್ಲ. ಅವಳ ಮಗ ಅಡವಿಯಪ್ಪ ಪಾತ್ರೆ ತಂದ. ಕೇಳಿದ್ದಕ್ಕೆ, "ಅವ್ವ ಕುಣಿಗಲ್ಗೆ ಹೋಗೈತೆ" ಅಂದ. ಶುಕ್ರವಾರವೂ ಅವನೇ ತಂದ, ಶನಿವಾರವೂ ಅವನೇ.

ರಂಗಲಕ್ಷ್ಮಮ್ಮನಿಗೆ ಅನ್ನ ಸೇರಲಿಲ್ಲ. ಪುಟ್ಟಗಂಗಮ್ಮನ ಆ ಬೀಗರು ಬಾಯಿ ಜೋರಿನವರು ಅಂತ ಹೆಸರಾಗಿದ್ದವರು. ಜನ್ಮದಲ್ಲಿ ಯಾರ ಮುಂದೂ ತಗ್ಗದ ಹೆಂಗಸು ಅವರ ಬಾಗಿಲಿಗೆ ಹೋಗಿದ್ದಾಳೆ. ಹೋದದ್ದು ಯಾವ ಮಾತು ನಂಬಿ? ಟಿವಿಯಲ್ಲಿ ಬಾರದ, ತನ್ನ ನಾಲಿಗೆ ತುದಿಯಲ್ಲಿ ಹುಟ್ಟಿದ ಮಾತು. ಮರ್ಯಾದೆ ಕಳೆದುಕೊಂಡು ಬರಿಗೈಯಲ್ಲಿ ಬಂದರೆ ಅವಳ ಮುಖ ನೋಡುವುದು ಹೇಗೆ? ಸೋದರತ್ತೆ ಬೀಸುಕಲ್ಲು ನಿಲ್ಲಿಸಿ ಕೇಳಿದ ಹಾಗಾಯಿತು: ಇದು ಎಲ್ಲಿಂದ ತಂದೆ?

ಹೊನ್ನಯ್ಯನಿಗೆ ಹೇಳಿದರೆ ಅವನು ನಕ್ಕ. "ಬೊಂಬೆ ಕತೆಗೆ ಇಷ್ಟೊಂದಾ? ಅಲ್ಲೇನ್ ನಡದದೆ ಅಂತ ಯಾರ್ಗೂ ತಿಳೀದು. ಸುಮ್ಕಿರು."

"ನಂಗ್ ತಿಳ್ದದಲ್ಲ" ಅಂದಳು ಅವಳು.

ಭಾನುವಾರ ಕಮಲಾಕ್ಷಮ್ಮನವರ ಮನೆಯಲ್ಲಿ ಬೆಣ್ಣೆ ಇಳಿಸುವ ಮೊದಲೇ ಕೇಳಿದಳು: "ಅಮ್ಮಾವ್ರೇ, ಹೋದ್ವಾರ ಆ ಅಜ್ಜಿ ಎದ್ಲಾ?"

"ಬಟವಾಡೀಲಿ ಕರೆಂಟ್ ಇತ್ತಂತೆ, ನಮ್ಮ ತಂಗಿ ನೋಡಿದ್ಲು" ಅಂದರು ಕಮಲಾಕ್ಷಮ್ಮ. "ಎದ್ಲಂತೆ. ಎದ್ದು ಒಳಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದ್ಲಂತೆ. ಸೊಸೆ ಬಸ್ ತಪ್ಪಿಸ್ಕೊಂಡು ತಾನೇ ವಾಪಸ್ ಬಂದ್ಲು. ಬೆಕ್ಕು ಬಕೆಟ್ ಒಳಗೆ ಬಿತ್ತು, ಎಲ್ರೂ ನಕ್ರು. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಯಾಕೆ?"

"ಏನಿಲ್ಲ ಅಮ್ಮಾವ್ರೆ."

ಸಂಜೆ ಅವಳು ಸಾಲಿನ ನಡುವೆ ನಿಂತಳು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಓಣಿಯ ತಿರುವಿನಲ್ಲಿ ಪುಟ್ಟಗಂಗಮ್ಮ ಬರುವುದು ಕಾಣಿಸಿತು. ಕೈ ಬೀಸಿಕೊಂಡು ಬರುತ್ತಿದ್ದಳು. ಹಿಂದೆ ಪಾತ್ರೆ ಹೊತ್ತು ಲಕ್ಷ್ಮೀದೇವಮ್ಮ. ಪಾತ್ರೆ ಕಂಠದವರೆಗೆ ತುಂಬಿತ್ತು. ತುಳುಕದಂತೆ ಹುಡುಗಿ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಳು.

ರಂಗಲಕ್ಷ್ಮಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನು ಸುಮ್ಮನಿದ್ದರೂ ಆಗುತ್ತಿತ್ತು. ಹೆಂಗಸರು ಕತೆ ಹೇಳು ಅಂದರು. ಬಾಯಿ ತೆರೆದಳು, ಆವತ್ತಿನ ಕತೆ ಹೊರಡಲಿಲ್ಲ.

"ಮೊದ್ಲು ಹೋದ್ವಾರದ್ದು ಒಂದ್ ಹೇಳ್ಬೇಕು" ಅಂದಳು. "ಅಜ್ಜಿ ಮೊಣಕಾಲ್ಗೆ ಕೈ ಊರಿದ್ಲಲ್ಲ, ಅಷ್ಟೇ ನಾನ್ ನೋಡಿದ್ದು. ಕರೆಂಟ್ ಹೋಯ್ತು. ಬಸ್ ಸ್ಟ್ಯಾಂಡಿಗೆ ಹೋಗಿದ್ದು, ಬಕೆಟ್ಟು ಸೋರಿದ್ದು, ಎಲ್ಲ ನಾನ್ ಕಟ್ಟಿ ಹೇಳ್ದೆ." ಬಟವಾಡಿಯಲ್ಲಿ ಕಂಡ ಕೊನೆಯನ್ನೂ ಬೆಕ್ಕು ಬಿದ್ದದ್ದರವರೆಗೆ ಹೇಳಿದಳು. "ಪುಟ್ಟಗಂಗಕ್ಕ, ನಿಂಗೆ ಸುಳ್ಳೇಳ್ಬುಟ್ಟೆ."

ಸಾಲು ಪೂರ್ತಿ ಪುಟ್ಟಗಂಗಮ್ಮನ ಕಡೆ ತಿರುಗಿತು. ಮುದ್ದಯ್ಯ ಕಡ್ಡಿಯನ್ನು ಹಾಲಿನ ಮೇಲೆ ಹಿಡಿದುಕೊಂಡೇ ನಿಂತ.

ಪುಟ್ಟಗಂಗಮ್ಮ ಸೆರಗು ಕೊಡವಿದಳು. "ಎದ್ದು ಒಳಗ್ ಹೋಗಿ ಉಂಡ್ಲಾ?"

"ಹೂಂ ಕಣಕ್ಕ."

"ಸೊಸೆ ತಾನೇ ಬಂದ್ಲಾ?"

"ಬಸ್ಸು ತಪ್ಪೋಯ್ತಂತೆ."

"ಆ ಟಿವಿಯೋರ್ಗೆ ಮನೆಲಿ ಅತ್ತೆ ಸೊಸೆ ಯಾರೂ ಇಲ್ವೇನೋ" ಅಂದಳು ಪುಟ್ಟಗಂಗಮ್ಮ. "ನಾಲ್ಕ್ ತಿಂಗ್ಳಿಂದ ನಾನೂ ಒಳಗೇ ಕೂತು ಉಂಡೆ. ಯಾವ್ ಬಸ್ಸೂ ತಪ್ಲಿಲ್ಲ. ನೀನ್ ಹೇಳಿದ್ದೇ ಸರಿಯಾಗಿತ್ತು. ಇದು ಸಪ್ಪೆ."

"ಬೀಗ್ರು ಏನಂದ್ರು?" ರಂಗಲಕ್ಷ್ಮಮ್ಮನಿಗೆ ಅದನ್ನು ಕೇಳದೆ ಇರಲಾಗಲಿಲ್ಲ.

"ಏನಂತಾರೆ? ಮೊದ್ಲು ಅಂದ್ರು, ನಾನೂ ಅಂದೆ. ಆಮೇಲೆ ಶುಕ್ರವಾರ ಪೂಜೆ ಅಂತ ಹಿಡ್ಕೊಂಡು ಒಬ್ಬಟ್ಟು ಬಡಿಸಿದ್ರು. ಇವ್ಳ್ ಹತ್ರ ನಾನ್ ತಪ್ಪಾಯ್ತು ಗಿಪ್ಪಾಯ್ತು ಅನ್ನೋಕೆ ಹೋಗ್ಲಿಲ್ಲಪ್ಪ. ಎಮ್ಮೆ ಒದೀತೈತೆ, ಹತ್ರ ಸೇರಿಸ್ತಿಲ್ಲ, ಅದ್ರ ಕಾಟ ನೀನೇ ನೋಡ್ಕೋ ನಡಿ ಅಂದೆ."

ಪಾತ್ರೆ ಇಳಿಸುತ್ತಿದ್ದ ಲಕ್ಷ್ಮೀದೇವಮ್ಮ ಕಿಸಕ್ಕನೆ ನಕ್ಕಳು. "ಎಮ್ಮೆ ಒದೆಯಾಕಿಲ್ಲ ರಂಗಕ್ಕ. ಹುಟ್ಟಿದಾಗಿಂದ ಯಾರ್ನೂ ಒದ್ದಿಲ್ಲ ಅದು. ನಂಗ್ ಅಲ್ಲೇ ಗೊತ್ತಾಯ್ತು."

"ಗೊತ್ತಾದ್ರೆ ಯಾಕ್ ಬಂದ್ಯೇ?" ಅಂದಳು ಅತ್ತೆ.

"ಎಮ್ಮೆ ನೋಡೋಕೆ."

ಈ ಸಲ ನಗು ರಸ್ತೆಯ ಆಚೆ ಕಡೆಗೂ ಕೇಳಿಸಿತು. ಕಟ್ಟಿ ಹೇಳಿದ ಕೊನೆ ಹೆಚ್ಚೋ, ಟಿವಿಯ ಕೊನೆ ಹೆಚ್ಚೋ ಅಂತ ಸಾಲು ಎರಡು ಪಾಲಾಯಿತು. ಬೆಕ್ಕು ಬಿದ್ದದ್ದು ಚೆನ್ನಾಗಿದೆ, ಅದನ್ನೂ ಇಟ್ಟುಕೊಳ್ಳೋಣ ಅಂತ ಒಬ್ಬಳು ಅಂದಳು. ಮುದ್ದಯ್ಯ ರಂಗಲಕ್ಷ್ಮಮ್ಮನ ಪಾತ್ರೆಗೆ ಕಡ್ಡಿ ಇಳಿಬಿಟ್ಟ. "ಇನ್ಮೇಲೆ ನಿಂಗೂ ಉಂಟು ಕಣಮ್ಮ" ಅಂದ. ಆಮೇಲೆ ಕಡ್ಡಿ ಎತ್ತಿ ನೋಡಿ, "ಹಾಲೇನೋ ಸರಿಯಾಗೇ ಐತೆ" ಅಂದ.

ಅವಳಿಗೆ ಅದರಿಂದ ಬೇಜಾರಾಗಲಿಲ್ಲ. ಆವತ್ತಿಂದ ಅವಳು ಕಟ್ಟಳೆಗೆ ಒಂದು ಸಣ್ಣ ತಿದ್ದುಪಡಿ ಮಾಡಿಕೊಂಡಳು. ಕಂಡದ್ದನ್ನು ಕಂಡ ಹಾಗೆ ಪೂರ್ತಿ ಹೇಳುವುದು. ಕೊನೆ ಸಪ್ಪೆ ಅಂತ ಸಾಲಿನವರು ಅಂದರೆ, "ಇಲ್ಲಿಗೆ ಟಿವೀದು ಮುಗೀತು, ಇನ್ನ್ ಮುಂದಕ್ಕೆ ನಂದು" ಅಂತ ಮೊದಲೇ ಹೇಳಿ ಇನ್ನೊಂದು ಕಟ್ಟುವುದು.

ಆ ಸಂಜೆ ಇದೆಲ್ಲ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿ ಮುದ್ದಯ್ಯ ಡೈರಿಯ ದೀಪ ಹಾಕಿದ. ಆವತ್ತಿನ ಕತೆ ಇನ್ನೂ ಹಾಗೇ ಉಳಿದಿತ್ತು. ಲಕ್ಷ್ಮೀದೇವಮ್ಮ ದೀಪ ನೋಡಿದಳು, ಅತ್ತೆಯ ಮುಖ ನೋಡಿದಳು.

"ಅತ್ತೆ, ದೀಪ ಹಚ್ಚಿದ್ಮೇಲೆ ಕತೆ ಕೊಡ್ಬೌದಾ?"

ಪುಟ್ಟಗಂಗಮ್ಮ ಅವಳ ತಲೆಗೆ ಮೊಟಕಿದ ಹಾಗೆ ಮಾಡಿ, ಬರಿದಾದ ಪಾತ್ರೆಯನ್ನು ತಾನೇ ಕಂಕುಳಿಗೆ ಇರುಕಿಕೊಂಡು ಕಟ್ಟೆಯ ಮೇಲೆ ಕೂತಳು.

"ಕೊಡ್ಬೌದು. ಹೇಳು ರಂಗಿ. ಇವತ್ತು ಕರೆಂಟ್ ಇತ್ತು ತಾನೆ?"