ರೈಟರ್ ಲೋಕೇಶ್ ಹಾಡಿದ ಸೆರೆನೇಡ್

೨೦೧೭ರಲ್ಲಿ ನಾನು ಸಕಲೇಶಪುರದ ಹತ್ತಿರದ ಒಂದು ವಸತಿ ಶಾಲೆಯಲ್ಲಿ ಪಾಶ್ಚಾತ್ಯ ಸಂಗೀತದ ಶಿಕ್ಷಕಿಯಾಗಿದ್ದೆ. ಆ ಸೆಪ್ಟೆಂಬರಿನಲ್ಲಿ ಹೆತ್ತೂರು ಕಡೆಯ ಎಸ್ಟೇಟ್ ಮಾಲೀಕ ಪ್ರಸನ್ನ ನನ್ನನ್ನು ಹುಡುಕಿಕೊಂಡು ಬಂದರು. ತಂಗಿ ವಿನುತಾಳ ಹುಟ್ಟುಹಬ್ಬಕ್ಕೆ ತಮ್ಮ ಎಸ್ಟೇಟಿನ ರೈಟರ್ ಲೋಕೇಶ್ ಒಂದು ಜರ್ಮನ್ ಹಾಡು ಹಾಡಬೇಕು, ಆರು ವಾರದಲ್ಲಿ ಕಲಿಸಿ ಎಂದರು. ವಿನುತಾಳೇ ಕೇಳಬೇಕೆಂದಿದ್ದಾಳಂತೆ.

ಲೋಕೇಶ್ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರು. ನಲವತ್ತು ವರ್ಷ, ಮದುವೆಯಾಗಿರಲಿಲ್ಲ. ಭಜನೆ ಹಾಡಿ ಪಳಗಿದ ತುಂಬು ಕಂಠ. ನಾನು ಆರಿಸಿದ್ದು ಹತ್ತೊಂಬತ್ತನೇ ಶತಮಾನದ ಜರ್ಮನ್ ಸಂಗೀತಕಾರನೊಬ್ಬನ ಸೆರೆನೇಡ್. ಸೆರೆನೇಡ್ ಎಂದರೆ ಪ್ರೇಮಿಯೊಬ್ಬ ಸಂಜೆ ಹೊತ್ತು ಪ್ರಿಯತಮೆಯ ಕಿಟಕಿಯ ಕೆಳಗೆ ನಿಂತು ಅವಳನ್ನು ಹೊರಗೆ ಕರೆಯುವ ಹಾಡು. ಪಿಯಾನೊ ಗಿಟಾರ್ ಮೀಟಿದಂತೆ ಮೆಲ್ಲಗೆ ಜೊತೆಗೂಡುತ್ತದೆ.

ಪ್ರತಿ ಭಾನುವಾರ ಅವರು ಬಸ್ಸಿನಲ್ಲಿ ಬರುತ್ತಿದ್ದರು. ಜರ್ಮನ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. "ಇದು ಈನೂ ಅಲ್ಲ, ಊನೂ ಅಲ್ಲ. ಬಾಯಿ ಎಲ್ಲಿಡ್ಬೇಕು ಕಣ್ರೀ ಮೇಡಂ?" ಎಂದು ಕೇಳುತ್ತಿದ್ದರು. ಐದನೇ ವಾರ ತಾವಾಗಿಯೇ ಹೇಳಿದರು. ಗಂಡನಿಂದ ಬೇರೆಯಾಗಿ ಬಂದಿದ್ದ ವಿನುತಾಗೆ, ಒಪ್ಪಿದರೆ ಮದುವೆಯಾಗುತ್ತೇನೆಂದು ಅವರು ಕಾಗದ ಬರೆದಿದ್ದರು. ಉತ್ತರ ಬಂದಿರಲಿಲ್ಲ. "ಈಗ ಹಾಡು ಕೇಳ್ತೀನಿ ಅಂದವ್ರೆ. ಅದೇ ಉತ್ತರ ಅಲ್ವಾ?"

ಹುಟ್ಟುಹಬ್ಬದ ಸಂಜೆ ಬಂಗಲೆಯಲ್ಲಿ ಸುಮಾರು ಮೂವತ್ತು ಅತಿಥಿಗಳಿದ್ದರು. ಪ್ರಸನ್ನ ನನ್ನನ್ನು ಒಳಗೆ ಕರೆದು ಆ ಕಾಗದ ತೋರಿಸಿದರು.

"ಹಾಡು ಮುಗಿದ ಮೇಲೆ ಇದನ್ನ ಎಲ್ಲರ ಮುಂದೆ ಓದ್ತೀನಿ. ನೀವು ಪಿಯಾನೊ ನುಡಿಸಿ, ಅಷ್ಟೇ."

"ವಿನುತಾಗೆ ಗೊತ್ತಾ?"

"ಅವಳದೇ ಐಡಿಯಾ."

ಲೋಕೇಶ್ ಹಿಂದಿನ ಅಂಗಳದಲ್ಲಿ ಬಿಸಿನೀರು ಕುಡಿಯುತ್ತ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾಲರ್ ಸರಿಯಾಗಿದೆಯಾ ಎಂದು ಕೇಳಿದರು. ಸರಿಯಾಗಿದೆ ಎಂದೆ. ಹೇಳಲು ಅರ್ಧ ಗಂಟೆ ಸಮಯವಿತ್ತು, ಆದರೂ ಹೇಳಲಿಲ್ಲ. ಮಾಲೀಕರ ಭಯ ಎಂದರೆ ಸುಳ್ಳಾಗುತ್ತದೆ. ನಾನು ಕಲಿಸಿದ ಯಾರೂ ಆ ಹಾಡನ್ನು ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಅದನ್ನು ಒಮ್ಮೆ ಪೂರ್ತಿ ಕೇಳಬೇಕಿತ್ತು ನನಗೆ.

ಅವರು ತಪ್ಪಿಲ್ಲದೆ ಹಾಡಿದರು. ಕಣ್ಣು ವಿನುತಾಳ ಮೇಲೇ ಇತ್ತು. ಚಪ್ಪಾಳೆ ನಿಂತ ಮೇಲೆ ಪ್ರಸನ್ನ ಕಾಗದ ಬಿಚ್ಚಿ, ಕಾಗುಣಿತದ ತಪ್ಪುಗಳನ್ನೂ ಬಿಡದೆ ಓದಿದರು. ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ.

"ಇನ್ನೊಂದ್ಸಲ ಹಾಡಿ ಲೋಕೇಶ್," ಎಂದಳು ವಿನುತಾ. "ಈಗ ಅರ್ಥ ಆಗುತ್ತೆ."

ಪ್ರಸನ್ನ ನನಗೆ ನುಡಿಸುವಂತೆ ಸನ್ನೆ ಮಾಡಿದರು. ನಾನು ಪಿಯಾನೊ ಮುಚ್ಚಿದೆ. ಲೋಕೇಶ್ ನನ್ನ ಕಡೆ ತಿರುಗಿದರು.

"ನಿಮಗೆ ಮೊದ್ಲೇ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು."

ಅವರು ಮೆಟ್ಟಿಲಿಳಿದು ಹೊರಟರು. ಮರುದಿನವೇ ಕೆಲಸ ಬಿಟ್ಟರೆಂದು ತಿಳಿಯಿತು.

ಎರಡು ವರ್ಷದ ನಂತರ ಬಾಳ್ಳುಪೇಟೆಯ ಲಾರಿ ಆಫೀಸೊಂದರಲ್ಲಿ ಲೆಕ್ಕ ಬರೆಯುತ್ತ ಸಿಕ್ಕರು. ಕ್ಷಮಿಸಿ ಎಂದೆ. ಅವರು ಬರೆಯುತ್ತಿದ್ದುದನ್ನು ಮುಗಿಸಿ ತಲೆಯೆತ್ತಿದರು.

"ಅವ್ರು ನಗ್ಬೋದು ಅಂತ ಒಂದು ಅಳುಕು ನಂಗೂ ಇತ್ತು. ನಿಮ್ಮ ಮೇಲೆ ಅನುಮಾನ ಬಂದಿರ್ಲಿಲ್ಲ ಕಣ್ರೀ."

ಮುಂದಿನ ಲಾರಿಯವನು ಚೀಟಿ ಚಾಚಿದ, ನಾನು ಪಕ್ಕಕ್ಕೆ ಸರಿದೆ.

ಹಾಡು ಚೆನ್ನಾಗಿ ಬರಲಿ ಎಂಬ ಆಸೆ ಶಿಕ್ಷಕಿಯನ್ನು ಎಷ್ಟು ಕಲ್ಲಾಗಿಸಬಲ್ಲದು ಎಂದು ಈ ಕೆಲಸ ನನಗೆ ಕಲಿಸಿದ್ದು ಹೀಗೆ. ಈಗ ವಿದ್ಯಾರ್ಥಿಯ ವಿಷಯ ಏನು ಕಿವಿಗೆ ಬಿದ್ದರೂ ಮೊದಲು ಅವರಿಗೇ ಹೇಳುತ್ತೇನೆ, ಕಾರ್ಯಕ್ರಮ ಕೆಟ್ಟರೂ ಸರಿ. ಅಂಥ ಕಂಠ ಮತ್ತೆ ನನ್ನ ಬಳಿ ಬಂದಿಲ್ಲ. ಲೋಕೇಶ್ ಆಮೇಲೆ ಎಲ್ಲಾದರೂ ಹಾಡಿದರೆಂದೂ ಕೇಳಿಲ್ಲ.