ಹುಟ್ಟು ಎತ್ತಿ ನಿಂತವಳು

ನನ್ನ ಓರಗಿತ್ತಿ ಕಥೆ ಬರೆಯುತ್ತಾಳೆ ಎಂದರೆ ಜನ ಮೊದಲು ನಗುತ್ತಾರೆ. ಅದೂ ಟೀವಿಯವರು ಅರ್ಧಕ್ಕೆ ಬಿಟ್ಟ ಧಾರಾವಾಹಿಯ ಕಥೆ ಎಂದರೆ ಇನ್ನೊಮ್ಮೆ ನಗುತ್ತಾರೆ. ನಾನೂ ನಕ್ಕವಳೇ. ಈಗ ನಗು ಬರುವುದಿಲ್ಲ. ಅವಳ ಮೇಲೆ ಗೌರವ ಹುಟ್ಟಿ ನಗು ನಿಂತಿತು ಅಂತ ಮಾತ್ರ ಯಾರೂ ತಿಳಿಯುವುದು ಬೇಡ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಒಂದೇ ಮನೆ, ಒಂದೇ ಅಡುಗೆಮನೆ, ಹದಿನಾರು ವರ್ಷದ ಏಗಾಟ. ಅವಳ ಕಸುಬು ಬಟ್ಟೆ ಆಲ್ಟರೇಷನ್. ಹೊಸದಾಗಿ ಏನನ್ನೂ ಹೊಲಿಯುವುದಿಲ್ಲ, ಬೇರೆಯವರು ಹೊಲಿದದ್ದನ್ನು ಸರಿಮಾಡುತ್ತಾಳೆ. ಪ್ಯಾಂಟಿನ ಉದ್ದ ಕತ್ತರಿಸಿ ಮಡಿಸುವುದು, ಹಾಳಾದ ಜಿಪ್ಪು ಬದಲಾಯಿಸುವುದು, ಸಣ್ಣಗಾದವರಿಗೆ ಸೊಂಟ ಹಿಡಿಯುವುದು, ದಪ್ಪಗಾದವರಿಗೆ ಬಿಡುವುದು. ಅಂಗಡಿ ಎಂದರೆ ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗಿನ ಸಂದಿ. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬಗ್ಗಿ ಕೂತಿದ್ದಾಳೆ.

ಅವಳ ಬದುಕಿನಲ್ಲಿ ಪೂರ್ತಿಯಾದದ್ದು ಅಂತ ಇದ್ದರೆ ಅದು ಗಿರಾಕಿಗಳ ಪ್ಯಾಂಟು ಮಾತ್ರ. ಕಾಲೇಜು ಎರಡನೇ ವರ್ಷಕ್ಕೆ ನಿಂತಿತ್ತು. ಸಂಗೀತದ ಪಾಠ ಮದುವೆಯ ಹೊತ್ತಿಗೆ ನಿಂತಿತ್ತು. ಗಂಡನಿಗೆಂದು ಹೆಣೆಯಲು ಹಿಡಿದ ಸ್ವೆಟರಿಗೆ ತೋಳೇ ಬಂದಿರಲಿಲ್ಲ. ನಮ್ಮ ಭಾವ ಇದನ್ನೆಲ್ಲ ಲೆಕ್ಕವಿಟ್ಟವರ ಹಾಗೆ ನೆನಪಿಟ್ಟು ಅವಳಿಗೆ ಅರ್ಧಮ್ಮ ಎಂದು ಹೆಸರಿಟ್ಟಿದ್ದರು. ನೆಂಟರೆದುರಿಗೂ ಹಾಗೇ ಕರೆಯುತ್ತಿದ್ದರು. ಅವಳು ನಕ್ಕು ಒಳಗೆ ಹೋಗುತ್ತಿದ್ದಳು. ಆ ಹೆಸರು ಎಷ್ಟು ಸುಡುತ್ತಿತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

ಅತ್ತೆಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಉಪ್ಪು ಹೆಚ್ಚಾಯಿತು, ಬಾಗಿಲು ಜೋರಾಗಿ ಹಾಕಿದಳು, ಹಾಕದೇ ಹೋದಳು, ಏನಾದರೂ ಸಾಕು. ದಿನಕ್ಕೆ ಅರ್ಧ ಗಂಟೆ ಮಾತ್ರ ಕದನವಿರಾಮ. ಸಂಜೆ ಏಳಕ್ಕೆ ಆ ಧಾರಾವಾಹಿ ಬರುತ್ತಿತ್ತು. ಹೊಳೆ ದಾಟಿಸುವ ದೋಣಿಯ ಹೆಂಗಸೊಬ್ಬಳ ಕಥೆ. ಅವಳ ತಮ್ಮನನ್ನು ಯಾರೋ ಕೊಂದಿರುತ್ತಾರೆ; ಯಾರೆಂದು ಹುಡುಕುವುದರಲ್ಲಿ ಇನ್ನೂರು ಕಂತು ಕಳೆಯುತ್ತದೆ. ಒಂದು ಶುಕ್ರವಾರ ಕೊಂದವನೇ ಅವಳ ದೋಣಿ ಹತ್ತಿದ. ನಡುಹೊಳೆಯಲ್ಲಿ ಅವಳಿಗೆ ಗುರುತು ಸಿಕ್ಕಿತು. ಎದ್ದು ನಿಂತು ದೋಣಿಯ ಹುಟ್ಟನ್ನು ಅವನ ತಲೆಯ ಮೇಲೆ ಎತ್ತಿದಳು. ಆವತ್ತಿನದು ಅಲ್ಲಿಗೆ ಮುಗಿಯಿತು. ಸೋಮವಾರ ಟೀವಿ ಹಾಕಿದರೆ ಅದೇ ಹೊತ್ತಿಗೆ ಅಡುಗೆ ಸ್ಪರ್ಧೆ. ಧಾರಾವಾಹಿ ಏಕೆ ನಿಂತಿತೆಂದು ಯಾರೂ ಹೇಳಲಿಲ್ಲ.

ಅದೇ ತಿಂಗಳು ಅತ್ತೆಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಮಂಚದ ಮೇಲಿಂದ ದಿನಾ ಒಂದೇ ಪ್ರಶ್ನೆ: “ಹೊಡೆದ್ಳೇನೆ, ಬಿಟ್ಟ್ಳೇನೆ?”

ಕೇಳಿ ಕೇಳಿ ರೇಗಿಹೋದ ಅಕ್ಕ ಒಂದು ದಿನ, “ನಾನೇ ಬರೆದು ಓದ್ತೀನಿ, ಸುಮ್ನಿರಿ ಅತ್ತೆ” ಎಂದಳು. ಹೀಗೆ ಶುರುವಾಯಿತು.

ಇಂಥ ಕಥೆಗಳನ್ನು ಫೋನಿನಲ್ಲಿ ಹಾಕುವ ತಾಣವೊಂದಿದೆ, ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ ಎಂದು ಹೇಳಿಕೊಟ್ಟವಳು ನಾನೇ. ಅವಳು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಳು, ನಾನು ಟೈಪು ಮಾಡಿ ಹಾಕುತ್ತಿದ್ದೆ. ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಅತ್ತೆಯ ಮಂಚದ ತುದಿಯಲ್ಲಿ ಕೂತು ಓದುತ್ತಿದ್ದಳು. ಸೊಸೆಯ ಕೈಯಿಂದ ನೀರು ಕುಡಿಯಲೂ ಮುಖ ಸಿಂಡರಿಸುತ್ತಿದ್ದ ಅತ್ತೆ, ಒಂದೂವರೆ ಆಗುವುದನ್ನೇ ಕಾಯುತ್ತ ಗಡಿಯಾರ ನೋಡುತ್ತಿದ್ದರು. ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ದಿನಗಳು ಅವೇ.

ಹನ್ನೆರಡನೇ ಅಧ್ಯಾಯಕ್ಕೆ ಅವಳ ಉಮೇದು ಇಳಿಯಿತು. ಎರಡು ವಾರ ನೋಟುಬುಕ್ಕು ತೆರೆಯಲಿಲ್ಲ. “ಮುಗೀತಾ ಅರ್ಧಮ್ಮ?” ಎಂದು ಭಾವ ಕೇಳಿಯೇಬಿಟ್ಟರು. ಆವತ್ತು ಅವಳು ನಗಲಿಲ್ಲ. ತಾಣದಲ್ಲಿ ನೂರು ನೂರೈವತ್ತು ಅಧ್ಯಾಯದ ಕಥೆಗಳನ್ನು ಮುಗಿಸಿದ ಹಳೆಯ ಹುಲಿಯೊಬ್ಬರಿದ್ದರು. ಇಷ್ಟುದ್ದ ಬರೆಯುವ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಎಂದು ಅವರನ್ನು ಕೇಳಿದಳು. ಕೊನೆಯ ಅಧ್ಯಾಯವನ್ನು ಈಗಲೇ ಬರೆದಿಡಿ, ಅದು ನಿಮ್ಮನ್ನು ಎಳೆಯುತ್ತದೆ ಎಂದು ಉತ್ತರ ಬಂತು. ಜೊತೆಗೊಂದು ಎಚ್ಚರಿಕೆ: ಅದನ್ನು ಒಂದು ಪಿಳ್ಳೆಗೂ ಹೇಳಬೇಡಿ, ಹೇಳಿದ ದಿನವೇ ಬರೆಯುವ ಹಸಿವು ಸಾಯುತ್ತದೆ.

ಅಕ್ಕ ಮಾರನೆಯ ದಿನವೇ ಕೊನೆಯ ಅಧ್ಯಾಯ ಬರೆದಳು. ಟೈಪು ಮಾಡಿಡಲು ನನಗೆ ಕೊಡಬೇಕಲ್ಲ, ಕೊಡುವ ಮೊದಲು ಯಾರೆದುರೂ ಬಾಯಿ ಬಿಡುವುದಿಲ್ಲ ಎಂದು ನನ್ನ ಮಗಳ ಮೇಲೆ ಆಣೆ ಹಾಕಿಸಿಕೊಂಡಳು. ಆಮೇಲೆ ತನಗೇ ಒಂದು ಕಟ್ಟಳೆ ಮಾಡಿಕೊಂಡಳು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಸೂಜಿಗೆ ದಾರ ಪೋಣಿಸುವ ಮೊದಲು ಒಂದು ಪುಟ ಆಗಲೇಬೇಕು. ಮೊದಲು ಪುಟ, ಆಮೇಲೆ ಪ್ಯಾಂಟು. ಗಿರಾಕಿ ಬಂದು ನಿಂತರೂ ಅಷ್ಟೇ. “ಇನ್ನೆರಡು ಸಾಲು ಇದೆ, ಕೂತ್ಕೊಳಿ” ಎನ್ನುತ್ತಿದ್ದಳು. ಕೂರಲು ಆ ಸಂದಿಯಲ್ಲಿ ಜಾಗವೆಲ್ಲಿದೆ? ಕೆಲವರು ಬಟ್ಟೆ ಹೊತ್ತು ಬೇರೆ ಕಡೆ ಹೋದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಉಪಾಯ ಫಲಿಸಿತು, ಅದನ್ನು ಒಪ್ಪಲೇಬೇಕು. ಅಧ್ಯಾಯ ಇಪ್ಪತ್ತಾಯಿತು, ಐವತ್ತಾಯಿತು. ಓದುಗರು ಎಂಟು ಜನ ಇದ್ದದ್ದು ನೂರಾದರು. ಕೊಂದವನ ಬಾಲ್ಯ ಬೇಕು ಎಂದು ಒಬ್ಬರು ಕೇಳಿದರು, ಬರೆದಳು. ದೋಣಿ ಮಾಡಿದ ಬಡಗಿಯ ಪ್ರೇಮಕಥೆ ಬೇಕೆಂದರು, ಅದನ್ನೂ ಬರೆದಳು. ಕಥೆ ಹನುಮಂತನ ಬಾಲವಾಯಿತು, ಆದರೆ ಎತ್ತಿದ ಹುಟ್ಟು ಕೆಳಗಿಳಿಯಲಿಲ್ಲ.

“ಅಲ್ವೇ,” ಎಂದರು ಅತ್ತೆ ಒಂದು ಮಧ್ಯಾಹ್ನ, “ಎರಡು ವರ್ಷದಿಂದ ಅದನ್ನ ಎತ್ಕೊಂಡೇ ನಿಂತಿದಾಳಲ್ಲ, ಅವಳ ಕೈ ನೋಯಲ್ವೇನೆ?”

ಮೂವರೂ ಬಿದ್ದು ಬಿದ್ದು ನಕ್ಕೆವು.

ಎಪ್ಪತ್ತೊಂದನೇ ಅಧ್ಯಾಯದ ಹೊತ್ತಿಗೆ ಅತ್ತೆಯ ತಂಗಿಯ ಫೋನು ಬಂತು. ಅಕ್ಕತಂಗಿಯರಿಗೆ ಮಾತು ಬಿಟ್ಟು ಮೂವತ್ತು ವರ್ಷ. ತಾಯಿ ಸತ್ತ ಸುದ್ದಿಯನ್ನು ಆ ತಂಗಿ ಮೂರು ದಿನ ತಡೆದು ತಿಳಿಸಿದ್ದರು. ಅತ್ತೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆತ್ತವಳ ಮುಖ ಕೊನೆಗೊಮ್ಮೆ ನೋಡಲು ಸಿಕ್ಕಿರಲಿಲ್ಲ. ಈಗ ಆಕೆ, “ಅಕ್ಕನ್ನ ಒಂದೇ ಒಂದ್ಸಲ ನೋಡ್ಬೇಕು, ಬರ್ಲಾ ಅಂತ ಕೇಳಿ ಹೇಳಮ್ಮ” ಎಂದು ನನ್ನ ಹತ್ತಿರ ಗೋಗರೆದರು.

ಅತ್ತೆಗೆ ಹೇಳಿದೆ.

“ಮೊದ್ಲು ಆ ದೋಣಿಯವಳು ಏನ್ ಮಾಡ್ತಾಳೋ ನೋಡ್ತೀನಿ,” ಎಂದರು. “ಆಮೇಲೆ ಹೇಳ್ತೀನಿ.”

ತಮಾಷೆ ಎಂದುಕೊಂಡೆ. ಮಾರನೆಯ ಮಧ್ಯಾಹ್ನ ಅಕ್ಕ ಓದಲು ಕೂತಾಗ ಅವರು ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡರು. ಆ ಮುದುಕಿ ಸೊಸೆಯನ್ನು ಹಾಗೆ ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಎಲ್ಲಾ ಓದ್ಬೇಡ ಕಣೆ. ಹೊಡೆದ್ಳಾ ಬಿಟ್ಟ್ಳಾ, ಅಷ್ಟು ಹೇಳು.”

“ಇನ್ನು ಹದಿನೈದೇ ಅಧ್ಯಾಯ ಅತ್ತೆ. ಈಗ ಹೇಳಿಬಿಟ್ರೆ ನಂಗೆ ಬರೆಯೋಕಾಗಲ್ಲ.”

“ನಾನು ಯಾರಿಗೂ ಹೇಳಲ್ಲ. ಈ ಮಂಚದ ಹತ್ರ ಯಾರು ಬರ್ತಾರೆ ನನ್ನ ಕೇಳೋಕೆ?”

“ನೀವು ಹೇಳ್ತೀರ ಅಂತಲ್ಲ. ನನ್ನ ಬಾಯಿಂದ ಆಚೆ ಬಂದ್ರೆ ಮುಗೀತು, ಅಷ್ಟೇ.”

ಅತ್ತೆ ನನ್ನ ಕಡೆ ತಿರುಗಿದರು. “ನಿಂಗೊತ್ತಲ್ವೇ, ನೀನಾದ್ರೂ ಹೇಳೆ.”

“ನಂಗೊತ್ತಿಲ್ಲ ಅತ್ತೆ,” ಎಂದೆ.

ಆಣೆ ಇತ್ತು ಎಂದು ಈಗ ನೆಪ ಹೇಳಬಹುದು. ನಿಜ ಏನೆಂದರೆ, ನೂರು ಜನ ಕಾಯುತ್ತಿರುವ ಗುಟ್ಟು ನನ್ನ ಫೋನಿನಲ್ಲಿದೆ ಎಂಬ ಜಂಬ ನನಗೂ ಇತ್ತು. ಅಕ್ಕನನ್ನು ಬೈಯುವ ಬಾಯಲ್ಲಿ ಇದನ್ನೂ ಹೇಳಿಬಿಡುವುದು ಒಳ್ಳೆಯದು.

ಅಡುಗೆಮನೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. “ಅವರಿಗೋಸ್ಕರ ತಾನೆ ಶುರು ಮಾಡಿದ್ದು? ತಂಗಿನ ಕರೀಬೇಕೋ ಬೇಡ್ವೋ ಅಂತ ಒದ್ದಾಡ್ತಿದಾರೆ, ಗೊತ್ತಾಗಲ್ವಾ ನಿಂಗೆ?”

“ಶುರು ಮಾಡಿದ್ದು ಅವರಿಗೆ,” ಎಂದಳು ತಟ್ಟೆ ತೊಳೆಯುತ್ತ. “ಮುಗಿಸ್ತಿರೋದು ನನಗೆ. ಜೀವನದಲ್ಲಿ ಒಂದಾದ್ರೂ ಪೂರ್ತಿ ಮಾಡ್ತೀನಿ ಕಣೆ. ಅಡ್ಡ ಬರ್ಬೇಡ.”

ನನಗೆ ಅಯ್ಯೋ ಅನಿಸಿತು, ಅವಳು ತೊಳೆದ ತಟ್ಟೆಗಳನ್ನು ಒರೆಸಿಡತೊಡಗಿದೆ. ಅಯ್ಯೋ ಅನಿಸಬಾರದಿತ್ತು.

ಅವಳು ದಿನಕ್ಕೆ ಎರಡು ಪುಟ ಬರೆಯತೊಡಗಿದಳು. ಬೇಗ ಮುಗಿಸಿ ಓದಿಬಿಡುವ ಆಸೆ ಅವಳಿಗೂ ಇತ್ತು, ಇಲ್ಲವೆನ್ನಲಾರೆ. ಆದರೆ ಹದಿನೈದು ಅಧ್ಯಾಯ ಎಂದದ್ದು ಇಪ್ಪತ್ತೊಂದಾಯಿತು. ಕಥೆ ಅವಳ ಮಾತು ಕೇಳುತ್ತಿರಲಿಲ್ಲ. ಎಂಬತ್ತಮೂರನೆಯದನ್ನು ಓದಿದ ವಾರದಲ್ಲಿ ಅತ್ತೆಗೆ ಎರಡನೇ ಸಲ ಲಕ್ವ ಹೊಡೆಯಿತು.

ಎಂಟು ದಿನ ಆಸ್ಪತ್ರೆ. ಮನೆಗೆ ಕರೆತಂದಾಗ ಮಾತು ಇತ್ತು, ನೆನಪು ಇರಲಿಲ್ಲ. ಮಕ್ಕಳಿಬ್ಬರಿಗೂ ‘ಬನ್ನಿ, ಕೂತ್ಕೊಳಿ’ ಎಂದರು. ಮಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕ ಅಂಗಡಿ ಮುಚ್ಚಿ ಓಡಿಬಂದಳು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ ಅಂಗುಸ್ತಾನ ಹಾಗೇ ಇತ್ತು. ಮಂಚದ ತುದಿಯಲ್ಲಿ ಕೂತಳು.

“ಅತ್ತೆ, ಹೇಳ್ತೀನಿ ಕೇಳಿ. ಅವಳು ಹೊಡೀಲಿಲ್ಲ. ಹುಟ್ಟು ಇಳಿಸಿ, ಅವನನ್ನ ದಡಕ್ಕೆ ಕರ್ಕೊಂಡು ಹೋದ್ಳು. ‘ಇಳಿ, ಇನ್ನೊಂದ್ಸಲ ನನ್ನ ದೋಣಿ ಹತ್ಬೇಡ’ ಅಂದ್ಳು. ಅಷ್ಟೇ ಅತ್ತೆ.”

ಅತ್ತೆ ಗಮನವಿಟ್ಟು ಕೇಳಿದರು.

“ಯಾರಮ್ಮ ಅವಳು?”

“ದೋಣಿಯವಳು ಅತ್ತೆ. ಹುಟ್ಟು ಎತ್ತಿದ್ಳಲ್ಲ, ತಮ್ಮನ್ನ ಕೊಂದೋನ ಮೇಲೆ…”

“ಅಯ್ಯೋ ಪಾಪ,” ಎಂದರು ಅತ್ತೆ. “ನಿಮ್ಮ ಕಡೆಯವರಾ?”

ಅಕ್ಕ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಅವಳು ನೋಟುಬುಕ್ಕು ತಂದು ಮೊದಲ ಅಧ್ಯಾಯದಿಂದ ಓದತೊಡಗಿದಳು. ಎರಡು ಪುಟವಾಗುವಷ್ಟರಲ್ಲಿ ಅತ್ತೆಗೆ ನಿದ್ದೆ ಹತ್ತಿತ್ತು. ದಿನಾ ಹಾಗೇ ಓದಿದಳು, ದಿನಾ ಎರಡೇ ಪುಟಕ್ಕೆ ನಿದ್ದೆ.

ಅತ್ತೆಯ ತಂಗಿಗೆ ನಾನೇ ಬನ್ನಿ ಎಂದೆ. ಇನ್ನು ಯಾರ ಒಪ್ಪಿಗೆ ಕೇಳುವುದು? ಆಕೆ ಬಂದು ಬಾಗಿಲಲ್ಲೇ ಅತ್ತರು. ಅತ್ತೆ, “ಬಿಸಿಲಲ್ಲಿ ಬಂದಿದೀರಾ, ನೀರು ಕೊಡಿ ಅವರಿಗೆ” ಎಂದರು. ಹೊರಡುವಾಗ ಆಕೆ ನನ್ನ ಕೈ ಹಿಡಿದು, “ಬಾಯಿಗೆ ಬಂದಂಗೆ ಬೈದಿದ್ರೂ ಸಾಕಿತ್ತಮ್ಮ” ಎಂದರು. ಎರಡು ತಿಂಗಳಿಗೆ ಅತ್ತೆ ಹೋದರು.

ನನ್ನ ಹೊಟ್ಟೆ ಉರಿಯುವುದು ಆಮೇಲಿನದಕ್ಕೆ. ಹೇಳಿದ ದಿನವೇ ಬರೆಯುವ ಹಸಿವು ಸಾಯುತ್ತದೆ ಎಂದಿದ್ದರಲ್ಲ ಆ ಹಳೆಯ ಹುಲಿ? ಅವಳು ಹೇಳಿ ಆಗಿತ್ತು. ಹಸಿವಿಗೆ ಏನೂ ಆಗಲಿಲ್ಲ. ಅತ್ತೆ ಹೋದ ಮೂರನೇ ವಾರ ನೋಟುಬುಕ್ಕು ತೆರೆದು, ಮೊದಲು ಪುಟ, ಆಮೇಲೆ ಪ್ಯಾಂಟು ಎನ್ನುತ್ತ ಉಳಿದ ಒಂಬತ್ತು ಅಧ್ಯಾಯಗಳನ್ನು ಒಂದೂವರೆ ತಿಂಗಳಲ್ಲಿ ಬರೆದು ಬಿಸಾಡಿದಳು. ಮೊದಲೇ ಹೇಳಿದ್ದರೂ ಬರೆಯುತ್ತಿದ್ದಳು. ಇದು ನನಗೆ ಗೊತ್ತು, ಅವಳಿಗೂ ಗೊತ್ತು. ಇಬ್ಬರೂ ಬಾಯಿ ಬಿಟ್ಟು ಆಡಿಲ್ಲ.

ಒಂದು ಭಾನುವಾರ ಕೊನೆಯ ಅಧ್ಯಾಯ ಹಾಕಿದೆವು. ಸಂಜೆಯೊಳಗೆ ಎಂಬತ್ತು ಕಾಮೆಂಟು. ಭಾವ ಪೇಪರು ಪಕ್ಕಕ್ಕಿಟ್ಟು, “ಪರ್ವಾಗಿಲ್ಲ, ಮುಗಿಸೇಬಿಟ್ಟೆ ನೀನು” ಎಂದರು. ಆವತ್ತಿನಿಂದ ಅರ್ಧಮ್ಮ ಎಂದು ಕರೆದಿಲ್ಲ. ಅದು ಅವಳ ಗಮನಕ್ಕೆ ಬಂದ ಹಾಗೆ ಕಾಣಲಿಲ್ಲ.

ಮೇಜಿನ ಹತ್ತಿರ ಕೂತು ಕಾಮೆಂಟುಗಳನ್ನು ಒಂದೊಂದಾಗಿ ಓದುತ್ತಿದ್ದವಳು ಒಂದರ ಹತ್ತಿರ ತಡೆದಳು. ಫೋನು ನನ್ನ ಮುಂದೆ ಚಾಚಿದಳು. ಯಾರೋ ಬರೆದಿದ್ದರು: ‘ಎಷ್ಟು ಕಾಡಿ ಬೇಡಿದರೂ ಕೊನೆಯವರೆಗೂ ಗುಟ್ಟು ಬಿಟ್ಟುಕೊಡಲಿಲ್ಲ ನೀವು. ಶಹಬ್ಬಾಸ್!’

“ಇದನ್ನ ಅಳಿಸು,” ಎಂದಳು.

ಹುಡುಕಿದೆ. ನಮ್ಮ ಕಥೆಯನ್ನು ಬೇಕಾದರೆ ಅಳಿಸಬಹುದು, ಓದಿದವರು ಬರೆದದ್ದನ್ನು ಅಳಿಸಲು ಅಲ್ಲಿ ದಾರಿಯಿಲ್ಲ.

“ಆಗಲ್ಲ ಅಕ್ಕ.”

“ಸರಿಯಾಗಿ ನೋಡೇ.”

ಮತ್ತೆ ನೋಡಿದೆ. ಅಷ್ಟರಲ್ಲಿ ಅದರ ಕೆಳಗೆ ನಲವತ್ತು ಜನ ಹೌದು ಹೌದು ಎಂದು ಲೈಕು ಒತ್ತಿದ್ದರು.