ಐದರದು ಯಾವುದು, ಹನ್ನೆರಡರದು ಯಾವುದು

ಖಂಡೆ ಪೂಜೆಯ ದಿನ ಕಮಲಾಪುರದ ಮನೆಯಲ್ಲಿ ಲಲಿತಾಬಾಯಿ ಕುಡಗೋಲಿಗೆ, ಗುದ್ದಲಿಗೆ ಕುಂಕುಮ ಹಚ್ಚಿದಳು. ಉಳಿದದ್ದನ್ನು ಗಂಡನ ಎರಡು ಕರಿ ಅಡಾಪ್ಟರಿಗೂ ಬಳಿದಳು.

“ಏ, ಅಂಕಿ ಮುಚ್ಚಬ್ಯಾಡ. ಒಂದು ಐದು ವೋಲ್ಟಿಂದು, ಒಂದು ಹನ್ನೆರಡರದು” ಅಂದ ಗಂಡ ದೇವೀಂದ್ರಪ್ಪ.

“ಮುಚ್ಚಿದ್ರೇನಾತ್ರಿ? ನಿಮಗ ಗೊತ್ತದಲ್ಲ.”

“ಅದು ಖರೆ” ಅಂತ ನಕ್ಕ. ಹೋಳಿಗೆ ಉಂಡು ಮಲಗಿದ.

ಮೋಟರ್ ವೈಂಡಿಂಗ್ ಮಾಡುವ ಮನುಷ್ಯ. ಫೋನಿನಲ್ಲಿ ನೋಡಿ ನೋಡಿ ಕಲಿತು, ಬೆಂಕಿಪೆಟ್ಟಿಗೆಯಷ್ಟು ಬೋರ್ಡ್ ಒಂದನ್ನು ಹಿತ್ತಲಿನ ಬಾಳೆ ಸಸಿಗಳಿಗೆ ಕೂಡಿಸಿದ್ದ. ಮಣ್ಣು ಒಣಗಿದರೆ ಅದು ತಾನಾಗಿಯೇ ಪಂಪು ಚಾಲೂ ಮಾಡುತ್ತಿತ್ತು. ಬೋರ್ಡಿಗೆ ಐದು, ಪಂಪಿಗೆ ಹನ್ನೆರಡು. ಅದಲುಬದಲಾದರೆ ಬೋರ್ಡ್ ಸುಟ್ಟು ಹೋಗ್ತದ ಅಂತಿದ್ದ.

ಮರುದಿನ ಮಹಾಗಾಂವ ಹತ್ತಿರ ಅವನ ಬೈಕಿಗೆ ಟೆಂಪೋ ಬಡಿಯಿತು. ಅಲ್ಲೇ ಜೀವ ಹೋಯಿತು.

ಸತ್ತ ಮನೆಯಲ್ಲಿ ಕುಂಕುಮ ಕಾಣಬಾರದು ಅಂದರು ಹಿರಿಯರು. ಲಲಿತಾಬಾಯಿ ಅಡಾಪ್ಟರ್ ಕಿತ್ತು, ಸೀಮೆಎಣ್ಣೆಯ ಅರಿವೆಯಿಂದ ತಿಕ್ಕಿದಳು. ಕುಂಕುಮ ಹೋಯಿತು. ಅಂಕಿಯೂ ಹೋಯಿತು. ಎರಡೂ ಒಂದೇ ಬಣ್ಣ, ವೈರಿನ ತುದಿಯ ಮೂತಿಯೂ ಒಂದೇ. ಸಸಿಗಳಿಗೆ ಕೊಡದಿಂದ ನೀರು ಹಾಕಬಹುದು. ಬೋರ್ಡ್ ಸುಟ್ಟರೆ ಅದನ್ನು ಮಾಡಿದ ಕೈ ಇಲ್ಲ.

ಮೈದುನ ಮಲ್ಲು ಬಂದು ನೋಡಿದ. “ವೈನಿ, ಯಾವ್ದು ಹಿಡಸ್ತದ ಅದನ್ನ ಹಚ್ಚು.”

“ಎರಡೂ ಹಿಡಸ್ತಾವಲ್ಲೋ.”

“ಹಂಗಾದ್ರ ಯಾವ್ದರ ಒಂದು ಹಚ್ಚು.”

“ಹೆಣ್ಣು ನೋಡಾಕ ಹೋದಾಗೂ ಹಿಂಗೇ ಅಂದಿದ್ದೇನು?”

ಅವಳು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಕಲಬುರಗಿ ಬಸ್ ಹತ್ತಿದಳು. ಸೇಡಂ ರಸ್ತೆಯಲ್ಲಿ ರಿಪೇರಿ ಅಂಗಡಿಯ ಇಮಾಮುದ್ದೀನ್ ಗಂಡನ ದೋಸ್ತ. ಒಂದೊಂದನ್ನೇ ಗೋಡೆಯ ಪ್ಲಗ್ಗಿಗೆ ಚುಚ್ಚಿ, ಮೂತಿಗೆ ಮೀಟರಿನ ಕಡ್ಡಿ ಹಿಡಿದ.

“ಭಾಬಿ, ಇದು ಬಾರಾ, ಹನ್ನೆರಡರದು. ಇದು ಪಾಂಚ್, ಐದರದು.”

ಚಾಕುವಿನ ತುದಿಯಿಂದ ಅಂಕಿ ಕೊರೆದು ಕೊಟ್ಟ. “ಇನ್ನ ತಿಕ್ಕಿದ್ರೂ ಹೋಗಲ್ಲ. ದಿನಾ ಮುಂಜಾನೆ ಕೈ ಮುಟ್ಟಿಸಿ ನೋಡ್ರಿ. ಬೆಚ್ಚಗಿದ್ರ ಚಿಂತಿಲ್ಲ. ಸುಡಾಕತ್ತಿದ್ರ ಬಟನ್ ಬಂದ್ ಮಾಡಿ ತೆಗೀರಿ.”

“ಬೆಚ್ಚಗ ಅಂದ್ರ ಎಷ್ಟು, ಭಾಯಿ?”

ಅಂಗಡಿಯಲ್ಲಿ ನಡೆಯುತ್ತಿದ್ದ ಒಂದು ಅಡಾಪ್ಟರ್ ಮೇಲೆ ಅವಳ ಕೈ ಇಡಿಸಿದ. “ಇಷ್ಟು.”

ಮನೆಗೆ ಬಂದು ಹಚ್ಚಿದಳು. ಬೋರ್ಡಿನ ದೀಪ ಹತ್ತಿತು. ಪಂಪು ಗುರ್ ಅಂತು. ಕೂತು ಅತ್ತಳು.

ಈಗ ದಿನಾ ಮುಂಜಾನೆ ಕೈ ತೊಳೆದು, ಸೆರಗಿಗೆ ಒಣಗಿಸಿಕೊಂಡು, ಬೆರಳಿನ ಹಿಂಬದಿಯಿಂದ ಐದರದನ್ನು ಮುಟ್ಟುತ್ತಾಳೆ. ಒಂದಿನ ಬೆಚ್ಚಗ ಅನಿಸುತ್ತದೆ. ಒಂದಿನ ಸುಟ್ಟಂಗ ಅನಿಸುತ್ತದೆ. ಬಿಸಿ ಇರೋದು ಅದೋ, ತನ್ನ ಕೈಯೋ, ತಿಳಿಯುವುದಿಲ್ಲ. ಇನ್ನೊಮ್ಮೆ ಮುಟ್ಟಿ ನೋಡುತ್ತಾಳೆ.